ತಪ್ಪಿಸಬಹುದಾಗಿದ್ದ ಸಾವಿಗೆ ಹೊಣೆ ಯಾರು?

ಬಳ್ಳಾರಿಯಲ್ಲಿ 2024ರ ನವೆಂಬರ್‌ನಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತ ಮೇಲೆ ಎಚ್ಚೆತ್ತ ರಾಜ್ಯ ಸರ್ಕಾರ ತಾಯಂದಿರ ಸಾವುಗಳ ಆಡಿಟ್ ಮಾಡಿಸಿತು. ಆ ವರ್ಷದ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ ಸತ್ತ ತಾಯಂದಿರು 464. ಇವರಲ್ಲಿ ಶೇ 70ಕ್ಕೂ ಹೆಚ್ಚು ಮಂದಿಯ ಸಾವನ್ನು ತಪ್ಪಿಸಬಹುದಿತ್ತು ಎಂದಿತು ಆಡಿಟ್. ಅವರನ್ನು ಉಳಿಸುವ ವಿದ್ಯೆ ವೈದ್ಯರಿಗೆ ಗೊತ್ತಿತ್ತು, ಪುಸ್ತಕದಲ್ಲೂ ಇತ್ತು. ಹೆರಿಗೆ ಕೋಣೆಗೆ ಬಂದಿರಲಿಲ್ಲ, ಅಷ್ಟೆ. ಇದಕ್ಕಿಂತ ಕಠಿಣವಾದ ದೋಷಾರೋಪವನ್ನು ಯಾವ ವಿರೋಧ ಪಕ್ಷವೂ ಮಾಡಲಾರದು.

ಆ ವಿದ್ಯೆಯ ಒಂದು ಪಾಲು ಹುಟ್ಟಿದ್ದೇ ಕರ್ನಾಟಕದಲ್ಲಿ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಗರ್ಭಿಣಿಯರನ್ನು ಒಳಗೊಂಡು ನಡೆದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಸಹಾಯಕ ದಾದಿಯರಾದ ಎಎನ್‌ಎಂಗಳು ಕೊಟ್ಟ ಮಿಸೊಪ್ರೊಸ್ಟಾಲ್ ಮಾತ್ರೆ ಹೆರಿಗೆಯ ನಂತರದ ರಕ್ತಸ್ರಾವವನ್ನು ಶೇ 12ರಿಂದ 6.4ಕ್ಕೆ ಇಳಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಆ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಅಗ್ಗದ ಮಾತ್ರೆ, ಸರಳ ತರಬೇತಿ. ಸಂಶೋಧನೆ ರೋಗಿಯ ಬಳಿಗೆ ಬರುವ ದಾರಿ ಇಷ್ಟು ನೇರವಾಗಿರುವುದು ಅಪರೂಪ.

ಎಲ್ಲ ಕಡೆ ಹೀಗಾಗುವುದಿಲ್ಲ. ಸುರಕ್ಷಿತ ಹೆರಿಗೆಯ ತಪಾಸಣಾ ಪಟ್ಟಿಯನ್ನು 2010ರಲ್ಲಿ ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲಿ ಪ್ರಯೋಗಿಸಿದಾಗ, ಪ್ರತಿ ಹೆರಿಗೆಯಲ್ಲಿ ಮಾಡಲೇಬೇಕಾದ 29 ಕೆಲಸಗಳಲ್ಲಿ ಸರಾಸರಿ 10 ನಡೆಯುತ್ತಿದ್ದದ್ದು 25ಕ್ಕೆ ಏರಿತು. ಉತ್ಸಾಹ ಹುಟ್ಟಿದ್ದು ಸಹಜ. ಆದರೆ ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮೇಲೆ ಅದೇ ಪಟ್ಟಿಯ ದೊಡ್ಡ ಪರೀಕ್ಷೆ ನಡೆದು 2017ರಲ್ಲಿ ಫಲಿತಾಂಶ ಬಂದಾಗ, ಸಾವು ಮತ್ತು ತೀವ್ರ ತೊಂದರೆಗಳ ಒಟ್ಟು ಪ್ರಮಾಣ ಪಟ್ಟಿ ಇದ್ದಲ್ಲಿ ಶೇ 15.1, ಇಲ್ಲದಲ್ಲಿ ಶೇ 15.3. ವ್ಯತ್ಯಾಸವಿಲ್ಲವೆಂದೇ ಅರ್ಥ. ಪಟ್ಟಿಯ ಬಳಕೆ ಕಲಿಸುವ ಮಾರ್ಗದರ್ಶಕರು ಪಕ್ಕದಲ್ಲಿದ್ದಾಗ ಎರಡನೇ ತಿಂಗಳಲ್ಲಿ ಶೇ 72.8ರಷ್ಟಿದ್ದ ಅಗತ್ಯ ಕೆಲಸಗಳ ಪಾಲನೆ, ಅವರು ಹೋದ ಮೇಲೆ ಹನ್ನೆರಡನೇ ತಿಂಗಳಿಗೆ ಶೇ 61.7ಕ್ಕೆ ಕುಸಿಯಿತು.

ಈ ಸೋಲನ್ನು ಮುಚ್ಚಿಡದೆ ಪ್ರಕಟಿಸಿದ ಸಂಶೋಧಕರ ಪ್ರಾಮಾಣಿಕತೆ ನಮ್ಮ ಆರೋಗ್ಯ ಇಲಾಖೆಗೆ ಇಲ್ಲ. ಇಲ್ಲಿ ತರಬೇತಿ ಕೊಟ್ಟರೆ ಕೆಲಸ ಮುಗಿಯಿತು, ಸುತ್ತೋಲೆ ಹೊರಟರೆ ಸುಧಾರಣೆಯಾಯಿತು. ಪಟ್ಟಿಯಲ್ಲಿ ಟಿಕ್ ಬಿದ್ದಿದೆ, ರಕ್ತನಿಧಿಯಲ್ಲಿ ರಕ್ತವಿಲ್ಲ. ರೆಫರ್ ಮಾಡಿ ಎಂದು ಬರೆದಿದೆ, ರಾತ್ರಿ ಎರಡಕ್ಕೆ ಅರಿವಳಿಕೆ ತಜ್ಞರಿಲ್ಲ. ಇಂಥಲ್ಲಿ ಕಾಗದ ಯಾರನ್ನೂ ಉಳಿಸದು. ತಪ್ಪು ದಾದಿಯದೆಂದು ಅಮಾನತು ಮಾಡಿ ಕೈತೊಳೆದುಕೊಳ್ಳುವುದಂತೂ ಇಲಾಖೆಯ ಹಳೆಯ ಚಾಳಿ.

ಸರ್ಕಾರ ತಪ್ಪಿತಸ್ಥ. ಸಂಶೋಧನೆಗೆ ಅನುಮತಿ ಕೊಟ್ಟು, ಫಲಿತಾಂಶಕ್ಕೆ ಚಪ್ಪಾಳೆ ತಟ್ಟಿ, ಅದನ್ನು ಜಾರಿಗೆ ತರುವ ಹೊಣೆಯನ್ನು ಯಾವ ಅಧಿಕಾರಿಯ ಹೆಸರಿಗೂ ಬರೆಯದ ತಪ್ಪು ಇದು. ಆಡಿಟ್‌ನ ಪ್ರತಿ ಶಿಫಾರಸಿಗೂ ಒಬ್ಬ ಅಧಿಕಾರಿ, ಒಂದು ಗಡುವು, ಒಂದು ಬಜೆಟ್ ಬೇಕು. ಯಾವ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ರಕ್ತ ಸಿಗುತ್ತದೆ, ಯಾವುದರಲ್ಲಿ ಇಲ್ಲ ಎಂಬ ಪಟ್ಟಿಯನ್ನು ಆರೋಗ್ಯ ಸಚಿವರು ಮುಂದಿನ ಅಧಿವೇಶನದಲ್ಲಿ ಆಸ್ಪತ್ರೆಯ ಹೆಸರು ಸಮೇತ ಸದನದ ಮುಂದಿಡಲಿ.