ಭಯದ ಮೊತ್ತವೂ ಓದುಗನ ಲೆಕ್ಕವೂ

ಗೃಹಸ್ಥನಿಗೆ ವಿಧಿಸಲಾದ ಗುಣವ್ರತಗಳಲ್ಲಿ ಅನರ್ಥದಂಡ ವಿರತಿಯೂ ಒಂದು. ಯಾವ ಪ್ರಯೋಜನವೂ ಇಲ್ಲದೆ ಪಾಪಕ್ಕೆ ಎಡೆಗೊಡುವ ನಡೆಗಳಿಂದ ಹಿಂದೆ ಸರಿಯುವುದೇ ಅದರ ತಾತ್ಪರ್ಯ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಇದರ ಐದು ಭೇದಗಳನ್ನು ಹೇಳಿದ್ದಾರೆ. ಚಿತ್ತವನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದೇ ದುಃಶ್ರುತಿ. ಅಚ್ಚಿನ ಯಂತ್ರವಿಲ್ಲದ ಕಾಲದ ಈ ಮಾತು ಅಚ್ಚಾದ ಪುಸ್ತಕಕ್ಕೂ ಅನ್ವಯಿಸುತ್ತದೆ ಎಂಬುದನ್ನು ನಮ್ಮ ವಿದ್ಯಾವಂತರು ಮರೆತಂತಿದೆ.

ಅಮೆರಿಕದ ಟಾಮ್ ಕ್ಲಾನ್ಸಿ (1947–2013) ವಿಮಾ ವ್ಯವಹಾರದಲ್ಲಿದ್ದು, 1984ರಲ್ಲಿ ತಮ್ಮ ಮೊದಲ ಕಾದಂಬರಿಯಿಂದ ಪ್ರಸಿದ್ಧರಾದವರು. 1991ರಲ್ಲಿ ಪ್ರಕಟವಾದ ಅವರ ‘ದಿ ಸಮ್ ಆಫ್ ಆಲ್ ಫಿಯರ್ಸ್’ ಎಂಬ ಗೂಢಚರ್ಯೆಯ ಕಾದಂಬರಿಯ ಹೆಸರಿಗೆ ‘ಸಕಲ ಭಯಗಳ ಮೊತ್ತ’ ಎಂದರ್ಥ. 1973ರ ಯುದ್ಧದಲ್ಲಿ ಉರುಳಿದ ಇಸ್ರೇಲಿ ವಿಮಾನದಿಂದ ಕಳೆದುಹೋದ ಅಣುಬಾಂಬೊಂದು ಭಯೋತ್ಪಾದಕರ ಕೈಸೇರುತ್ತದೆ. ಪೂರ್ವ ಜರ್ಮನಿಯ ತಂತ್ರಜ್ಞನೊಬ್ಬನ ನೆರವಿನಿಂದ ಅದು ಹೊಸ ರೂಪ ಪಡೆದು ಡೆನ್ವರ್ ನಗರದ ಕ್ರೀಡಾಂಗಣದ ಬಳಿ ಸಿಡಿಯುತ್ತದೆ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳು ಪರಸ್ಪರ ಸಂಶಯದಿಂದ ಮಹಾಯುದ್ಧದ ಅಂಚಿಗೆ ಬಂದು ನಿಲ್ಲುತ್ತವೆ.

ಈ ಕೃತಿಯನ್ನು ಕುರಿತು ಓದುಗರು ಆಡುತ್ತ ಬಂದಿರುವ ಮಾತುಗಳು ವಿಚಾರಾರ್ಹವಾಗಿವೆ. ಬಾಂಬಿನ ರಚನೆಯ ವಿವರ ಅದ್ಭುತವೆಂದು ಕೆಲವರು ಹೊಗಳುತ್ತಾರೆ. ಕಥೆ ನಿಧಾನ, ಸ್ಫೋಟಕ್ಕಾಗಿ ನೂರಾರು ಪುಟ ಕಾಯಬೇಕೆಂದು ಕೆಲವರು ಬೇಸರಪಡುತ್ತಾರೆ. ಇದು ಲೋಕಕ್ಕೆ ಕೊಟ್ಟ ಎಚ್ಚರಿಕೆ ಎಂದು ಮತ್ತೆ ಕೆಲವರು ಸಮರ್ಥಿಸುತ್ತಾರೆ. ಈ ಮೂರು ಅಭಿಪ್ರಾಯಗಳನ್ನೂ ಒರೆಗೆ ಹಚ್ಚಿ ನೋಡಬೇಕಾಗಿದೆ.

ಮೊದಲನೆಯದು ವಿವರದ ಹೊಗಳಿಕೆ. ಇಂಥ ಮಾಹಿತಿಯೆಲ್ಲ ಸಾರ್ವಜನಿಕ ಗ್ರಂಥಗಳಲ್ಲೇ ದೊರೆಯುತ್ತದೆಂದೂ, ಆದರೂ ಕೆಲವು ತಾಂತ್ರಿಕ ಅಂಶಗಳನ್ನು ಬೇಕೆಂದೇ ಬದಲಿಸಿರುವುದಾಗಿಯೂ ಲೇಖಕರೇ ಪುಸ್ತಕದ ಕೊನೆಯಲ್ಲಿ ಹೇಳಿದ್ದಾರೆ. ಕೊಡಲಿ, ಖಡ್ಗ, ಬೆಂಕಿಗಳನ್ನು ಪರರ ಕೈಗೆ ಕೊಡುವುದನ್ನು ನಮ್ಮ ಆಚಾರ್ಯರು ಹಿಂಸಾದಾನವೆಂದರು. ಆ ಹೆಸರನ್ನು ಕೇಳಿರದ ಲೇಖಕನಿಗೂ ಅದರ ಅಳುಕಿತ್ತು. ಅಳುಕಿಲ್ಲದೆ ಮೆಚ್ಚಿದವನು ಓದುಗ. ಕೃತ, ಕಾರಿತ, ಅನುಮತ ಎಂಬ ಮೂರು ಬಾಗಿಲುಗಳಲ್ಲಿ ಮೂರನೆಯದು ಅವನ ಮನೆಯದೇ.

ಎರಡನೆಯದು ವಿಳಂಬದ ದೂರು. ಸ್ಫೋಟ ಬೇಗ ಬರಲಿಲ್ಲವೆಂದು ಕೊರಗುವವನು ಒಳಗೊಳಗೇ ಬಯಸುತ್ತಿರುವುದು ಏನನ್ನು? ಪರಹಿಂಸೆಯಲ್ಲಿ ಸುಖ ಕಾಣುವ ಚಿತ್ತಕ್ಕೆ ಶಾಸ್ತ್ರವು ಹಿಂಸಾನಂದ ರೌದ್ರಧ್ಯಾನವೆಂದು ಹೆಸರಿಟ್ಟಿದೆ. ಕಥೆ ಕಲ್ಪಿತವಾಗಿರಬಹುದು, ಆದರೆ ಧ್ಯಾನ ಕಲ್ಪಿತವಲ್ಲ. ಬಂಧವಾಗುವುದು ಪರಿಣಾಮದಿಂದ, ಎಂದರೆ ಭಾವದಿಂದ. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಬಿದ್ದ ಒಂದೇ ಬಾಂಬಿನಿಂದ ಆ ವರ್ಷದ ಕೊನೆಯೊಳಗೆ ಸುಮಾರು 1,40,000 ಮಂದಿ ಸತ್ತರೆಂಬ ಅಂದಾಜಿದೆ. ಈ ಸಂಖ್ಯೆಯನ್ನು ಬಲ್ಲವನು ಸ್ಫೋಟ ತಡವಾಯಿತೆಂದು ದೂರುವುದು ಹೇಗೆ?

ಮೂರನೆಯದು ಎಚ್ಚರಿಕೆಯ ವಾದ. ಇದರಲ್ಲಿ ಹುರುಳಿಲ್ಲದಿಲ್ಲ. 1958ರಲ್ಲಿ ಅಮೆರಿಕದ ಜಾರ್ಜಿಯಾ ಕರಾವಳಿಯ ಟೈಬಿ ದ್ವೀಪದ ಬಳಿ ವಿಮಾನದಿಂದ ಕೆಡಹಿದ ಬಾಂಬು ಇನ್ನೂ ಸಿಕ್ಕಿಲ್ಲ. 1966ರಲ್ಲಿ ಸ್ಪೇನಿನ ಪಾಲೊಮಾರೆಸ್ ಬಳಿ ವಿಮಾನಾಪಘಾತದಲ್ಲಿ ನಾಲ್ಕು ಜಲಜನಕ ಬಾಂಬುಗಳು ಬಿದ್ದವು, ಅವುಗಳಲ್ಲಿ ಒಂದನ್ನು ಸಮುದ್ರದಿಂದ ಎತ್ತಬೇಕಾಯಿತು. ಅಪಾಯ ನಿಜ. ಆದರೆ ಅದನ್ನು ಕಡಿಮೆ ಮಾಡಿದ್ದು ರೋಮಾಂಚನವಲ್ಲ. 1993ರಲ್ಲಿ ಅಮೆರಿಕ ಮತ್ತು ರಷ್ಯಾ ಒಂದು ಕ್ರಯ ಒಪ್ಪಂದ ಮಾಡಿಕೊಂಡವು. ಅದರಂತೆ ರಷ್ಯಾದ ಅಣ್ವಸ್ತ್ರಗಳಿಂದ ತೆಗೆದ 500 ಟನ್ ಉನ್ನತ ಸಂವರ್ಧಿತ ಯುರೇನಿಯಂ ಅನ್ನು ತೆಳುಗೊಳಿಸಿ ವಿದ್ಯುತ್ ಸ್ಥಾವರಗಳ ಇಂಧನವಾಗಿ ಮಾರಲಾಯಿತು. 2013ರಲ್ಲಿ ಮುಗಿದ ಈ ವ್ಯವಹಾರ ಸುಮಾರು 20,000 ಸಿಡಿತಲೆಗಳಿಗೆ ಸಮನಾದ ಸಾಮಗ್ರಿಯನ್ನು ನಿರಪಾಯಗೊಳಿಸಿತು. ತೂಕ, ಬೆಲೆ, ಮೊಹರು, ಖಾತೆಪುಸ್ತಕಗಳಿಂದ ಇಪ್ಪತ್ತು ವರ್ಷ ನಡೆದ ಈ ಅಹಿಂಸಾ ಕಾರ್ಯದ ಹೆಸರನ್ನಾದರೂ ಎಚ್ಚರಿಕೆಯ ವಾದಿಗಳಲ್ಲಿ ಎಷ್ಟು ಮಂದಿ ಬಲ್ಲರು? ಎಚ್ಚರಗೊಂಡವನು ಪರಿಹಾರವನ್ನು ಹುಡುಕುತ್ತಾನೆ, ಇವರು ಅದೇ ಲೇಖಕನ ಮುಂದಿನ ಕಾದಂಬರಿಯನ್ನು ಹುಡುಕಿದರು.

2002ರ ಚಲನಚಿತ್ರದಲ್ಲಿ ನಗರ ಬಾಲ್ಟಿಮೋರ್ ಆಯಿತು, ಖಳರು ನವನಾಜಿಗಳಾದರು. ಆಗ ಎದ್ದ ಚರ್ಚೆ ಖಳರು ಯಾರಾಗಬೇಕಿತ್ತೆಂಬುದು. ದ್ವೇಷಕ್ಕೆ ತಕ್ಕ ಗುರಿ ಯಾವ ಮತ, ಯಾವ ಜನಾಂಗ ಎಂದು ತಕರಾರು ತೆಗೆಯುವುದು ಏಕಾಂತದೃಷ್ಟಿಯ ಪರಮಾವಧಿ. ಅದನ್ನು ಹೆಚ್ಚು ಬೆಳೆಸಬೇಕಾಗಿಲ್ಲ.

ಹಾಗಾದರೆ ನಮ್ಮ ಪುರಾಣಗಳಲ್ಲಿ ಯುದ್ಧವಿಲ್ಲವೇ ಎಂಬ ಆಕ್ಷೇಪ ಬರಬಹುದು. ಇದೆ. ಭರತ ಬಾಹುಬಲಿಯರ ಕಾಳಗವನ್ನು ಕನ್ನಡದ ಜೈನರು ಸಾವಿರ ವರ್ಷಗಳಿಂದ ಓದುತ್ತಿದ್ದಾರೆ. ಅಲ್ಲಿ ಓದುಗನು ಕಾಯುವುದು ಬಾಹುಬಲಿಯು ಮೇಲೆತ್ತಿದ ಅಣ್ಣನನ್ನು ನೆಲಕ್ಕಪ್ಪಳಿಸದೆ ಕೆಳಗಿಳಿಸಿ ವಿರಕ್ತನಾಗುವ ಗಳಿಗೆಗಾಗಿ. ಕ್ಲಾನ್ಸಿಯವರ ಕಥೆಯಲ್ಲೂ ಅಂಥದೊಂದು ಗಳಿಗೆಯಿದೆ. ಕೋಪಾವಿಷ್ಟನಾದ ರಾಷ್ಟ್ರಾಧ್ಯಕ್ಷನು ಇರಾನಿನ ಕುಮ್ ನಗರದ ಮೇಲೆ ಅಣ್ವಸ್ತ್ರ ಪ್ರಯೋಗಿಸಲು ಆಜ್ಞೆ ಮಾಡುತ್ತಾನೆ. ಆಜ್ಞೆಗೆ ಇನ್ನೊಬ್ಬನ ಸಮ್ಮತಿ ಬೇಕು. ಜ್ಯಾಕ್ ರಯಾನ್ ಎಂಬ ಅಧಿಕಾರಿ ಅದನ್ನು ಕೊಡುವುದಿಲ್ಲ. ಅನುಮತಿ ನಿರಾಕರಿಸಿದ ಆ ಒಂದು ಮಾತಿನಿಂದ ಒಂದು ನಗರ ಉಳಿಯುತ್ತದೆ. ಯಂತ್ರದ ಬಿಡಿಭಾಗಗಳನ್ನು ಹೊಗಳುವವರು, ಕೊನೆಯ ಶಿರಚ್ಛೇದದಿಂದ ತೃಪ್ತರಾಗುವವರು, ಇಡೀ ಪುಸ್ತಕದ ಸಾರವಾದ ಈ ನಿರಾಕರಣೆಯ ಮುಂದೆ ನಿಲ್ಲದೆ ಸಾಗುತ್ತಾರೆ. ದೋಷ ಪುಸ್ತಕದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಅಳೆಯುವ ಕೋಲಿನಲ್ಲಿದೆ.

ನಮ್ಮ ಶಾಸ್ತ್ರಕಾರರು ಇಹಲೋಕ, ಪರಲೋಕ, ವೇದನೆ, ಅರಕ್ಷೆ, ಅಗುಪ್ತಿ, ಮರಣ, ಆಕಸ್ಮಿಕ ಎಂದು ಏಳು ಭಯಗಳನ್ನು ಎಣಿಸಿ, ಸಮ್ಯಗ್ದೃಷ್ಟಿಯಾದವನು ಇವುಗಳಿಂದ ಮುಕ್ತನೆಂದರು. ಭಯಗಳನ್ನು ಕೂಡಿಸುವುದು ಸುಲಭ, ಕಳೆಯುವುದೇ ಧರ್ಮ. ಶ್ರಾವಕರ ಮನೆಗಳ ಯುವಕರು ಇಂಥ ಪುಸ್ತಕಗಳನ್ನು ಓದುತ್ತಿದ್ದಾರೆ, ಮುಂದೆಯೂ ಓದುವರು. ಕೈಯಿಂದ ಕಿತ್ತುಕೊಳ್ಳುವುದರಿಂದ ಫಲವಿಲ್ಲ. ಓದಿ ಮುಗಿಸಿದಾಗ ಮನಸ್ಸಿನಲ್ಲಿ ಉಳಿದದ್ದು ಕಷಾಯವೋ ಕರುಣೆಯೋ ಎಂದು ಕೇಳಿಕೊಳ್ಳುವುದನ್ನು ಹಿರಿಯರು ಅವರಿಗೆ ಕಲಿಸಬೇಕು. ಅದಕ್ಕೂ ಮೊದಲು ಹಿರಿಯರೇ ಅದನ್ನು ಕಲಿಯಬೇಕು.