ಹಳಿಯ ಕೊನೆ, ಊರಿನ ಬಾಗಿಲು

2024ರ ಮಾರ್ಚ್ ತಿಂಗಳಿನಲ್ಲಿ ಸಿಂಧನೂರಿಗೆ ಪ್ರಯಾಣಿಕರ ರೈಲು ಬಂದಿತು. ಮುನಿರಾಬಾದಿನಿಂದ ಮಹಬೂಬನಗರಕ್ಕೆ ಹೋಗಬೇಕಾದ ಈ ಮಾರ್ಗಕ್ಕೆ ಮಂಜೂರಾತಿ ದೊರೆತದ್ದು 1997-98ರಲ್ಲಿ. ಅಂದು ಶಾಲೆಗೆ ಸೇರಿದ ಮಗು ತನ್ನ ಮಗುವನ್ನು ಶಾಲೆಗೆ ಕಳುಹಿಸುವ ವೇಳೆಗೆ ಹಳಿಯು ಕಾರಟಗಿಯನ್ನು ದಾಟಿ, ಭತ್ತದ ಗದ್ದೆಗಳ ನಡುವೆ ಸಿಂಧನೂರನ್ನು ಮುಟ್ಟಿತು. ಜನರ ಸಂತೋಷ ಸಹಜವಾದುದೇ. ಆದರೆ ಹಳಿ ಊರಿಗೆ ಬಂದ ಮಾತ್ರಕ್ಕೆ ರೈಲು ಸೀಮೆಗೆಲ್ಲ ಬಂದಂತಾಯಿತೆ? ಇದು ವಿಚಾರಿಸಬೇಕಾದ ಮಾತು.

ಇಲ್ಲಿ ದೂರದ ಊರೊಂದರ ಸಂಗತಿ ನೆನಪಾಗುತ್ತದೆ. ಅದೇ 1997ರ ಅಕ್ಟೋಬರಿನಲ್ಲಿ ಜಪಾನಿನ ಕ್ಯೋಟೊ ನಗರದಲ್ಲಿ ತೋಜಾಯ್ ಎಂಬ ಸುರಂಗ ರೈಲುಮಾರ್ಗ ಆರಂಭವಾಯಿತು. 2008ರ ಜನವರಿ 16ರಂದು ಅದು ಪಶ್ಚಿಮಕ್ಕೆ ಬೆಳೆದು, ಉಜುಮಾಸಾ ತೆಂಜಿಂಗಾವಾ ಎಂಬ ನೆಲದಡಿಯ ನಿಲ್ದಾಣದಲ್ಲಿ ಕೊನೆಗೊಂಡಿತು. ಪಕ್ಕದಲ್ಲಿಯೇ, ಬೀದಿಯ ಮಟ್ಟದಲ್ಲಿ, 1910ರಿಂದ ಓಡುತ್ತಿರುವ ರಾಂಡೆನ್ ಎಂಬ ಟ್ರಾಮ್ ಹಾದುಹೋಗುತ್ತದೆ. ಅದಕ್ಕೆ ಅಲ್ಲಿ ನಿಲುಗಡೆಯಿರಲಿಲ್ಲ. ಅದೇ ಮಾರ್ಚ್ 28ರಂದು ಹೊಸ ನಿಲುಗಡೆಯೊಂದು ತೆರೆಯಿತು. ಸುರಂಗದಿಂದ ಮೇಲೆ ಬಂದವನು ಟ್ರಾಮ್ ಹತ್ತಿ ಅರಾಶಿಯಾಮದ ಬೆಟ್ಟಗಳ ಕಡೆಗೆ ಹೊರಡಬಹುದಾಯಿತು.

ಕ್ಯೋಟೊದ ಸಂಪತ್ತನ್ನು ರಾಯಚೂರು ಜಿಲ್ಲೆಯೊಡನೆ ಹೋಲಿಸುವುದು ನ್ಯಾಯವಲ್ಲ. ಆದರೆ ಒಂದು ವಾಹನವನ್ನು ಇನ್ನೊಂದರೊಡನೆ ಸೇರಿಸಲು ಸಂಪತ್ತಿಗಿಂತ ವಿವೇಕವೇ ಹೆಚ್ಚು ಬೇಕು.

ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರೂ ಒಂದೇ ಹೆದ್ದಾರಿಯ ಮೇಲಿನ ಊರುಗಳು. ಸಿಂಧನೂರಿನ ಹಳಿಯ ಗುರಿ ರಾಯಚೂರು. ಲಿಂಗಸುಗೂರಿನ ಮೂಲಕ ವಾಡಿಗೆ ಹೋಗಬೇಕಾದ ಗದಗಿನ ಮಾರ್ಗದಲ್ಲಿ 2025ರ ಮೇ 15ರಂದು ಕುಷ್ಟಗಿಯವರೆಗೆ ರೈಲು ಓಡಿತು. ಈ ಎರಡು ಮಾರ್ಗಗಳ ನಡುವೆ ಉಳಿಯುವುದು ಮಸ್ಕಿ. 1915ರಲ್ಲಿ ಬೆಳಕಿಗೆ ಬಂದ ಇಲ್ಲಿನ ಶಾಸನವು ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದನ್ನು ಹೆಸರು ಹಿಡಿದು ಹೇಳಿತು. ಪಾಟಲಿಪುತ್ರದ ದೊರೆಯ ಮಾತು ನಡೆದು ಬಂದು ತಲುಪಿದ ಊರಿಗೆ, ಪಕ್ಕದ ಸಿಂಧನೂರಿನ ರೈಲು ದೂರವಾಗಬಾರದು.

ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಗುಳೆ ಹೊರಡುವ ಕುಟುಂಬ, ಪರೀಕ್ಷೆಗೆ ಹೋಗುವ ವಿದ್ಯಾರ್ಥಿ, ದೊಡ್ಡ ಆಸ್ಪತ್ರೆಯನ್ನು ಅರಸುವ ರೋಗಿ, ಇವರಿಗೆ ನಿಲ್ದಾಣದ ಬೆಲೆ ತಿಳಿಯುವುದು ಅದರ ಹೊರಬಾಗಿಲಿನಲ್ಲಿ. ಹೊತ್ತಲ್ಲದ ಹೊತ್ತಿನಲ್ಲಿ ಗಂಟುಮೂಟೆಯೊಡನೆ ಇಳಿದವರಿಗೆ ಬಸ್ಸು ಸಿಕ್ಕದಿದ್ದರೆ, ರೈಲಿನಲ್ಲಿ ಉಳಿದ ಹಣ ಬಾಡಿಗೆಯ ಬಂಡಿಗೆ ಹೋಗುತ್ತದೆ. ಪ್ರತಿಯೊಂದು ರೈಲಿಗೂ ನಿಲ್ದಾಣದ ಅಂಗಳದಿಂದಲೇ ಮಸ್ಕಿ, ಲಿಂಗಸುಗೂರುಗಳಿಗೆ ಒಂದು ಬಸ್ಸು ಹೊರಡಬೇಕು. ರೈಲು ತಡವಾದರೆ ಬಸ್ಸೂ ಕಾಯಬೇಕು.

ಹಳಿ ರಾಯಚೂರಿನವರೆಗೆ ಮುಂದುವರಿಯಲೇಬೇಕು. ಭೂಮಿ, ಸೇತುವೆ, ಹಣ ಇವುಗಳಿಗೆ ಕಾಲ ಹಿಡಿಯುವುದುಂಟು. ಬಸ್ಸಿನ ವೇಳೆಯನ್ನು ರೈಲಿನ ವೇಳೆಗೆ ಹೊಂದಿಸುವುದಕ್ಕೆ ಮಾತ್ರ ಮತ್ತೆ 27 ವರ್ಷಗಳು ಬೇಕಾಗಬಾರದು.