ನಾಯಿಗೆ ಗುಡಿಯುಂಟು, ಮನೆಯೂ ಬೇಕು

ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ ನಾಯಿಗಳಿಗೊಂದು ದೇವಸ್ಥಾನವಿದೆ. ಗ್ರಾಮದೇವತೆ ಕೆಂಪಮ್ಮನ ಗುಡಿ ನಿರ್ಮಾಣವಾಗುತ್ತಿದ್ದ ಸಮಯದಲ್ಲಿ ಊರಿನ ಎರಡು ನಾಯಿಗಳು ಕಾಣೆಯಾದವಂತೆ. ದೇವಿ ಕನಸಿನಲ್ಲಿ ಬಂದು ಅವುಗಳಿಗೆ ನೆಲೆ ಕಲ್ಪಿಸುವಂತೆ ಹೇಳಿದಳಂತೆ. ಎಷ್ಟು ಹುಡುಕಿದರೂ ನಾಯಿಗಳು ಸಿಗದಿದ್ದಾಗ ಅವುಗಳ ವಿಗ್ರಹಗಳನ್ನೇ ಮಾಡಿಸಿ ಪ್ರತಿಷ್ಠಾಪಿಸಲಾಯಿತು ಎಂಬುದು ಸ್ಥಳೀಯರ ನಂಬಿಕೆ. 2010ರಲ್ಲಿ ತಲೆಯೆತ್ತಿದ ಈ ಪುಟ್ಟ ಗುಡಿಯಲ್ಲಿ ಆ ಜೋಡಿ ವಿಗ್ರಹಗಳಿಗೆ ಪೂಜೆ ಸಲ್ಲುತ್ತದೆ. ಊರನ್ನು ಅವು ಕಾಯುತ್ತವೆ ಎಂಬ ಶ್ರದ್ಧೆಯೂ ಇದೆ.

ಕಳೆದುಹೋದ ಎರಡು ಬೀದಿನಾಯಿಗಳಿಗಾಗಿ ಗುಡಿ ಕಟ್ಟಿದ ಸೀಮೆಯಲ್ಲಿ, ಕಣ್ಣೆದುರಿಗೆ ಇರುವ ನಾಯಿಗಳ ಸ್ಥಿತಿ ಏನು? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಪಟ್ಟಣಗಳು ರಾಜಧಾನಿಯ ನೆರಳಿನಲ್ಲಿ ವೇಗವಾಗಿ ಬೆಳೆಯುತ್ತಿವೆ. 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ 2025ರಲ್ಲಿ ‘ಬೆಂಗಳೂರು ದಕ್ಷಿಣ’ ಎಂಬ ಹೆಸರೂ ಬಂತು. ಹೊಸ ಬಡಾವಣೆಗಳ ಜೊತೆಗೆ ಕಸದ ರಾಶಿಗಳು ಬೆಳೆದಿವೆ, ಕಸವನ್ನು ನಂಬಿದ ನಾಯಿಗಳೂ ಹೆಚ್ಚಿವೆ. ಬೀದಿನಾಯಿ ಎಂದೊಡನೆ ಸಾರ್ವಜನಿಕ ಚರ್ಚೆ ‘ಹಿಡಿದು ಸಾಗಿಸಿ’ ಎನ್ನುವವರು ಮತ್ತು ‘ಮುಟ್ಟಬೇಡಿ’ ಎನ್ನುವವರ ನಡುವಿನ ವಾಗ್ವಾದವಾಗಿ ಬಿಡುತ್ತದೆ. ಸಾಗಿಸಿದ ನಾಯಿ ಮುಂದೆ ಎಲ್ಲಿ ಬಾಳಬೇಕು ಎಂಬ ಪ್ರಶ್ನೆಯನ್ನು ಎರಡೂ ಕಡೆಯವರು ಬದಿಗಿಡುತ್ತಾರೆ. ಆ ಪ್ರಶ್ನೆಗೆ ಇರುವ ಉತ್ತರಗಳಲ್ಲಿ ಅತ್ಯಂತ ಮಾನವೀಯವಾದುದು, ಆದರೆ ಅತ್ಯಂತ ಕಡಿಮೆ ಚರ್ಚೆಯಾಗಿರುವುದು, ದತ್ತು ಸ್ವೀಕಾರ.

ಈ ಪ್ರಶ್ನೆಯನ್ನು ಇನ್ನು ಮುಂದೂಡಲಾಗದಂತೆ ಮಾಡಿರುವುದು ಸುಪ್ರೀಂ ಕೋರ್ಟ್‌ನ ಆದೇಶಗಳು. ದೆಹಲಿ ಮತ್ತು ಸುತ್ತಲಿನ ಪ್ರದೇಶದ ಬೀದಿನಾಯಿಗಳನ್ನೆಲ್ಲ ಆಶ್ರಯ ಕೇಂದ್ರಗಳಿಗೆ ಸ್ಥಳಾಂತರಿಸಬೇಕೆಂದು 2025ರ ಆಗಸ್ಟ್ 11ರಂದು ದ್ವಿಸದಸ್ಯ ಪೀಠ ಆದೇಶಿಸಿತು. ದೇಶದಾದ್ಯಂತ ಎದ್ದ ಚರ್ಚೆಯ ನಂತರ ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮಾರ್ಪಡಿಸಿ, ಸಂತಾನಶಕ್ತಿ ಹರಣ ಚಿಕಿತ್ಸೆ ಮತ್ತು ಲಸಿಕೆ ಪಡೆದ ನಾಯಿಗಳನ್ನು ಅವು ಇದ್ದ ಜಾಗಕ್ಕೇ ಬಿಡಬೇಕು, ರೇಬೀಸ್ ತಗುಲಿದ ಅಥವಾ ಶಂಕಿತ ನಾಯಿಗಳನ್ನೂ ಆಕ್ರಮಣಕಾರಿ ನಾಯಿಗಳನ್ನೂ ಬಿಡಬಾರದು ಎಂದಿತು. ಅದೇ ವರ್ಷ ನವೆಂಬರ್ 7ರಂದು, ಶಾಲೆ, ಆಸ್ಪತ್ರೆ, ಕ್ರೀಡಾ ಸಂಕೀರ್ಣ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಮರಳಿ ಅಲ್ಲಿಗೆ ಬಿಡದೆ ಆಶ್ರಯ ಕೇಂದ್ರಗಳಲ್ಲಿ ಇರಿಸಬೇಕೆಂದು ಎಲ್ಲ ರಾಜ್ಯಗಳಿಗೂ ನಿರ್ದೇಶನ ನೀಡಿತು.

ಈ ನಿರ್ದೇಶನದ ಹಿಂದಿನ ಕಳವಳ ಸಕಾರಣವಾದುದು. ಸರ್ಕಾರವೇ ಸಂಸತ್ತಿಗೆ ನೀಡಿದ ಲೆಕ್ಕದಂತೆ 2024ರಲ್ಲಿ ದೇಶದಲ್ಲಿ 37 ಲಕ್ಷಕ್ಕೂ ಹೆಚ್ಚು ನಾಯಿ ಕಡಿತದ ಪ್ರಕರಣಗಳು ವರದಿಯಾದವು. ಶಾಲೆಗೆ ನಡೆದು ಹೋಗುವ ಮಗುವಿನ ಸುರಕ್ಷತೆಯ ವಿಷಯದಲ್ಲಿ ರಾಜಿ ಸಾಧ್ಯವಿಲ್ಲ. ಆದರೆ ಲೆಕ್ಕಾಚಾರವೊಂದನ್ನು ಮರೆಯುವಂತಿಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿದ್ದ ಬೀದಿನಾಯಿಗಳ ಸಂಖ್ಯೆ ಸುಮಾರು 11 ಲಕ್ಷ. ಅವುಗಳಲ್ಲಿ ಒಂದು ಸಣ್ಣ ಪಾಲನ್ನು ಆಶ್ರಯ ಕೇಂದ್ರಗಳಿಗೆ ತಂದರೂ ಅವಕ್ಕೆ ದಿನವೂ ಅನ್ನ, ನೀರು, ಔಷಧ, ಆರೈಕೆಯ ಸಿಬ್ಬಂದಿ ಬೇಕು. ನಾಯಿಯ ಆಯಸ್ಸು ಹನ್ನೆರಡು ಹದಿಮೂರು ವರ್ಷ. ಒಳಗೆ ಬರುವ ಬಾಗಿಲು ಮಾತ್ರ ಇದ್ದು ಹೊರಗೆ ಹೋಗುವ ಬಾಗಿಲು ಇಲ್ಲದ ಆಶ್ರಯ ಕೇಂದ್ರ ಕೆಲವೇ ತಿಂಗಳುಗಳಲ್ಲಿ ತುಂಬಿ ತುಳುಕುತ್ತದೆ. ಇಕ್ಕಟ್ಟಿನಲ್ಲಿ ಡಿಸ್ಟೆಂಪರ್, ಪಾರ್ವೊದಂಥ ಸೋಂಕುಗಳು ಒಂದರಿಂದ ಇನ್ನೊಂದಕ್ಕೆ ಹರಡುತ್ತವೆ. ಆಗ ಅದು ಆಶ್ರಯವಾಗಿ ಉಳಿಯದೆ ಸೆರೆಮನೆಯಾಗುತ್ತದೆ. ಅದು ದಾರಿಯ ನಡುವಿನ ತಂಗುದಾಣವಾಗಿ ಇರಬೇಕಾದರೆ ಆ ದಾರಿ ಯಾವುದಾದರೊಂದು ಮನೆಯ ಹೊಸ್ತಿಲನ್ನು ತಲುಪಲೇಬೇಕು.

ನ್ಯಾಯಾಲಯದ ಆಗಸ್ಟ್ ಆದೇಶದಲ್ಲಿಯೇ ಇದಕ್ಕೆ ಅವಕಾಶವಿದೆ. ಆಸಕ್ತರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಿ ಬೀದಿನಾಯಿಯನ್ನು ದತ್ತು ಪಡೆಯಬಹುದು. ಗುರುತಿನ ಪಟ್ಟಿ ಹಾಕಿ ನಾಯಿಯನ್ನು ಅವರಿಗೆ ಒಪ್ಪಿಸಬೇಕು. ಅದು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಅವರದೇ ಹೊಣೆ. ಈ ಕೊನೆಯ ಮಾತಿನಲ್ಲಿ ದತ್ತಕದ ತಿರುಳಿದೆ. ದತ್ತು ಎಂಬ ಪದವನ್ನು ನಾವು ಹಗುರವಾಗಿ ಬಳಸಲು ಆರಂಭಿಸಿದ್ದೇವೆ. ಊರನ್ನು, ಶಾಲೆಯನ್ನು, ಮೃಗಾಲಯದ ಹುಲಿಯನ್ನು ದತ್ತು ಪಡೆಯುವುದುಂಟು. ಅಲ್ಲಿ ಹಣ ಕೊಟ್ಟರೆ ಕರ್ತವ್ಯ ಮುಗಿಯುತ್ತದೆ. ಆದರೆ ನಾಯಿಯನ್ನು ಮನೆಗೆ ತರುವಲ್ಲಿ ಪದದ ಮೂಲಾರ್ಥವೇ ಅನ್ವಯವಾಗುತ್ತದೆ. ಅದು ಕುಟುಂಬಕ್ಕೆ ಸೇರುವುದು, ಕುಟುಂಬದಲ್ಲೇ ಮುಪ್ಪಾಗುವುದು.

ಇದಕ್ಕೆ ಅಡ್ಡಿಯಾಗಿರುವುದು ಹಣಕ್ಕಿಂತ ಹೆಚ್ಚಾಗಿ ಮನೋಧರ್ಮ. ನಮ್ಮ ಆಡುಮಾತಿನಲ್ಲಿ ನಾಯಿಗಳು ಎರಡು ಬಗೆ: ಒಂದು ಜಾತಿನಾಯಿ, ಇನ್ನೊಂದು ಕಂತ್ರಿನಾಯಿ. ‘ಕಂಟ್ರಿ’ ಎಂಬ ಇಂಗ್ಲಿಷ್ ಪದವೇ ಕಂತ್ರಿಯಾಯಿತೆಂದು ಹೇಳುವುದುಂಟು. ಹಾಗಿದ್ದರೆ ನಾಡಿನದು ಎಂಬ ಅರ್ಥದ ಮಾತನ್ನೇ ನಾವು ಬೈಗುಳವಾಗಿ ಮಾಡಿಕೊಂಡೆವು ಎಂದಾಯಿತು. ಮನುಷ್ಯರಲ್ಲಿ ಜಾತಿ ಎಣಿಸುವುದು ತಪ್ಪೆಂದು ಒಪ್ಪುವ ವಿದ್ಯಾವಂತ ಕುಟುಂಬವೂ ನಾಯಿ ತರುವಾಗ ವಂಶಾವಳಿಯ ಪ್ರಮಾಣಪತ್ರ ಕೇಳುತ್ತದೆ. ಹಿಮದ ನಾಡಿನ ಹಸ್ಕಿಯನ್ನು ತಂದು ಏಪ್ರಿಲ್ ಬಿಸಿಲಿನಲ್ಲಿ ಅದು ಏದುಸಿರು ಬಿಡುವುದನ್ನು ನೋಡುತ್ತ ಕೂರುತ್ತದೆ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ತಳಿ ಸಂವರ್ಧಕರು ನೋಂದಣಿ ಮಾಡಿಸಿರಬೇಕು ಎಂದು 2017ರ ಕೇಂದ್ರ ನಿಯಮಗಳು ಹೇಳುತ್ತವೆ. ಮರಿಯ ಮೈಬಣ್ಣಕ್ಕೆ ಮರುಳಾದವರು ಇದನ್ನು ವಿಚಾರಿಸುವುದು ವಿರಳ. 2022ರಲ್ಲಿ ತೆರೆಕಂಡ ‘777 ಚಾರ್ಲಿ’ ಚಿತ್ರ ಕನ್ನಡಿಗರ ಮನಗೆದ್ದಿತು, ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಅಕ್ರಮ ತಳಿ ಸಂವರ್ಧನೆಯ ಕ್ರೌರ್ಯವೇ ಅದು ಮುಟ್ಟಿಸಬಯಸಿದ ವಿಷಯ. ಕಣ್ಣೀರು ಒರೆಸಿಕೊಂಡು ಹೊರಬಂದವರು ಆ ಮಾತನ್ನೂ ಮನೆಗೆ ಒಯ್ಯಬೇಕಿತ್ತು.

ನಾಟಿ ನಾಯಿ ಈ ನೆಲದ ಹವೆಗೆ ಹೊಂದಿಕೊಂಡ ಜೀವ. ಅದರ ಕೂದಲು ಗಿಡ್ಡ, ಆರೈಕೆ ಸುಲಭ. ಬೀದಿಯಲ್ಲಿ ಬದುಕಲು ಕಲಿತ ಅದರ ಬುದ್ಧಿ ಮನೆಯ ಶಿಸ್ತನ್ನೂ ಬೇಗ ಕಲಿಯುತ್ತದೆ. ಆದರೂ ಆಶ್ರಯ ಕೇಂದ್ರದಿಂದ ಬಂದ ನಾಯಿ ಗೊಂಬೆಯಲ್ಲ ಎಂಬುದನ್ನು ಗೊಂಬೆಗಳ ಊರಾದ ಚನ್ನಪಟ್ಟಣದವರಿಗೆ ಬಿಡಿಸಿ ಹೇಳಬೇಕಿಲ್ಲ. ಹಸಿವು, ಹೊಡೆತ, ವಾಹನದ ಭಯ ಕಂಡ ಪ್ರಾಣಿ ಮೊದಲ ಕೆಲವು ದಿನ ಮೂಲೆ ಹಿಡಿದು ಕೂರಬಹುದು, ಊಟ ಬಿಡಬಹುದು, ಪೊರಕೆ ಕಂಡರೆ ನಡುಗಬಹುದು. ಮನೆಯ ದಿನಚರಿ ಅದಕ್ಕೆ ಅರ್ಥವಾಗಲು ವಾರಗಳು ಬೇಕು. ಪೂರ್ಣ ನಂಬಿಕೆ ಹುಟ್ಟಲು ತಿಂಗಳುಗಳೇ ಬೇಕಾಗಬಹುದು. ಅಲ್ಲಿಯವರೆಗೆ ಮಕ್ಕಳು ಅದು ಉಣ್ಣುವಾಗ, ಮಲಗಿರುವಾಗ ಕೆಣಕದಂತೆ ಹಿರಿಯರು ನೋಡಿಕೊಳ್ಳಬೇಕು. ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ, ಸಂತಾನಶಕ್ತಿ ಹರಣ ಚಿಕಿತ್ಸೆ, ಜಂತುಹುಳು ಮತ್ತು ಉಣುಗುಗಳ ನಿವಾರಣೆ ಇವು ತಪ್ಪಿಸಲಾಗದ ಖರ್ಚುಗಳು. ಬರಿಯ ಮುದ್ದೆ, ಬರಿಯ ಅನ್ನ ಹಾಕಿ ಸಾಕುವ ರೂಢಿ ನಮ್ಮಲ್ಲಿದೆ. ಮೊಟ್ಟೆಯೋ ಮಾಂಸವೋ ಸೇರಿದರೆ ಮಾತ್ರ ಅದು ನಾಯಿಗೆ ತಕ್ಕ ಆಹಾರವಾದೀತು. ಪ್ರವಾಸ ಹೊರಟಾಗ, ವರ್ಗಾವಣೆಯಾದಾಗ ಅದನ್ನು ಏನು ಮಾಡುವುದೆಂಬುದು ತರುವ ಮೊದಲೇ ಯೋಚಿಸಬೇಕಾದ ಸಂಗತಿ.

ಈ ಜಿಲ್ಲೆಗೆ ವಿಶೇಷವಾಗಿ ಅನ್ವಯಿಸುವ ಮಾತೊಂದಿದೆ. ಕನಕಪುರ ರಸ್ತೆ, ಮಾಗಡಿ ರಸ್ತೆಗಳ ಆಚೀಚೆ ಬೆಂಗಳೂರಿಗರ ತೋಟದ ಮನೆಗಳು ಎದ್ದಿವೆ. ವಾರಕ್ಕೊಮ್ಮೆ ಬರುವ ಮಾಲೀಕರು ಕಾವಲಿಗೆಂದು ನಾಯಿಯೊಂದನ್ನು ಬಯಸುವುದು ಸಹಜ. ಆದರೆ ಉಳಿದ ಆರು ದಿನ ಸರಪಳಿಯಲ್ಲಿ ಬಿಗಿದು, ಯಾರೋ ನೆನಪಾದಾಗ ಎಸೆಯುವ ತುತ್ತಿಗೆ ಕಾಯುವಂತೆ ಮಾಡುವುದಾದರೆ ಅದಕ್ಕೆ ದತ್ತು ಎಂಬ ಹೆಸರು ಸಲ್ಲದು. ಪ್ರಾಣಿಯನ್ನು ಅತಿ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕುವುದು, ಸಾಕಿದ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಮೇಲಾಗಿ ಸಾವನದುರ್ಗ, ರಾಮದೇವರ ಬೆಟ್ಟದ ಸುತ್ತಲಿನದು ಚಿರತೆಗಳ ನೆಲ. ಹೊರಗೆ ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು. ನಾಯಿಯನ್ನು ಅರಸಿ ಬರುವ ಚಿರತೆ ಮನೆಯಂಗಳದ ಮಗುವಿಗೂ ಅಪಾಯ. 2020ರ ಮೇ ತಿಂಗಳಲ್ಲಿ ಮಾಗಡಿ ತಾಲ್ಲೂಕಿನಲ್ಲಿ ಮೂರು ವರ್ಷದ ಮಗುವೊಂದು ಚಿರತೆಗೆ ಬಲಿಯಾದ ಘಟನೆ ಇನ್ನೂ ಮಾಸಿಲ್ಲ. ಇಲ್ಲಿ ನಾಯಿಗೆ ರಾತ್ರಿಯ ಹೊತ್ತು ಬಾಗಿಲೊಳಗೆ ಜಾಗ ಕೊಡುವುದು ಮನೆಮಂದಿಯ ಸುರಕ್ಷತೆಯ ಪ್ರಶ್ನೆಯೂ ಹೌದು.

ಮನುಷ್ಯರಿಗೇ ಆಸರೆಯಿಲ್ಲದ ನಾಡಿನಲ್ಲಿ ನಾಯಿಗೆ ಮನೆ ಹುಡುಕುವುದು ಉಳ್ಳವರ ಚಟವಲ್ಲವೇ ಎಂಬ ಆಕ್ಷೇಪ ಕೇಳಿಬರುತ್ತದೆ. ಆಕ್ಷೇಪ ಪ್ರಾಮಾಣಿಕವಾದುದೇ. ಆದರೆ ರೇಬೀಸ್ ಬಲಿ ತೆಗೆದುಕೊಳ್ಳುವುದು ಹೆಚ್ಚಾಗಿ ಬಡವರ ಮಕ್ಕಳನ್ನು. ಲಕ್ಷಣ ಕಾಣಿಸಿಕೊಂಡ ಮೇಲೆ ಹೆಚ್ಚೂ ಕಡಿಮೆ ಉಳಿಗಾಲವೇ ಇಲ್ಲದ ಈ ರೋಗವನ್ನು ಕರ್ನಾಟಕ 2022ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. 2030ರೊಳಗೆ ನಾಯಿಯಿಂದ ಹರಡುವ ರೇಬೀಸನ್ನು ನಿರ್ಮೂಲನಗೊಳಿಸುವುದು ರಾಷ್ಟ್ರೀಯ ಗುರಿ. ಒಂದು ಪ್ರದೇಶದ ಶೇ 70ರಷ್ಟು ನಾಯಿಗಳಿಗೆ ಲಸಿಕೆ ಹಾಕಿದರೆ ರೋಗದ ಸರಪಳಿ ಕಡಿಯುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೀಗಿರುವಾಗ ಚಿಕಿತ್ಸೆ, ಲಸಿಕೆ ಪಡೆದು ಮನೆಯೊಂದಕ್ಕೆ ಸೇರಿದ ಪ್ರತಿಯೊಂದು ನಾಯಿಯೂ ಬೀದಿಯ ಭಯವನ್ನು ಅಷ್ಟರಮಟ್ಟಿಗೆ ತಗ್ಗಿಸುತ್ತದೆ.

ದತ್ತಕವೊಂದೇ ಮದ್ದಲ್ಲ ಎಂಬುದನ್ನು ಹೇಳದಿದ್ದರೆ ಮಾತು ಅಪೂರ್ಣವಾಗುತ್ತದೆ. ಅದಕ್ಕೆ ನಿದರ್ಶನ ರಾಮನಗರದ ಬೆಟ್ಟದಲ್ಲೇ ಇದೆ. ‘ಶೋಲೆ’ಯಿಂದ ಹೆಸರಾದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಅಭಯಧಾಮವೆಂದು ಘೋಷಿಸಲಾಯಿತು. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವುನಿವಾರಕ, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಒಡಲು ಸೇರಿ 1990ರ ದಶಕದಿಂದ ದೇಶದಲ್ಲಿ ಅವುಗಳ ಸಂತತಿಯನ್ನೇ ಬಹುಪಾಲು ಅಳಿಸಿತು. 2006ರಲ್ಲಿ ಪಶುಚಿಕಿತ್ಸೆಗೆ ಅದರ ಬಳಕೆಯನ್ನು ನಿಷೇಧಿಸುವ ಹೊತ್ತಿಗೆ ಕಾಲ ಮೀರಿತ್ತು. ಹದ್ದುಗಳು ಶುಚಿಗೊಳಿಸುತ್ತಿದ್ದ ಕಳೇಬರಗಳು ನಾಯಿಗಳ ಪಾಲಾದವು. ನಾಯಿಗಳು ಹೆಚ್ಚಿದವು, ಕಡಿತವೂ ರೇಬೀಸೂ ಹೆಚ್ಚಿದವು ಎಂಬುದನ್ನು ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಬಯಲಲ್ಲಿ ಸುಲಭದ ಆಹಾರ ಸಿಗುವವರೆಗೆ ನಾಯಿಗಳ ಸಂಖ್ಯೆ ಇಳಿಯದು. ಕೋಳಿ ಅಂಗಡಿಯ ತ್ಯಾಜ್ಯವನ್ನು ಕೆರೆಯಂಗಳಕ್ಕೆ ಸುರಿಯುತ್ತ, ಮದುವೆ ಮಂಟಪದ ಎಲೆಗಳನ್ನು ರಸ್ತೆಬದಿಗೆ ಎಸೆಯುತ್ತ ನಾಯಿಗಳ ಮೇಲೆ ದೂರು ಹೇಳುವುದರಲ್ಲಿ ಅರ್ಥವಿಲ್ಲ. ಕಸದ ವಿಲೇವಾರಿ, ಸಂತಾನ ನಿಯಂತ್ರಣ, ದತ್ತಕ ಈ ಮೂರೂ ಒಟ್ಟಿಗೆ ಸಾಗಬೇಕು.

ಈ ನಿಟ್ಟಿನಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರದ ನಗರಸಭೆಗಳು ಮತ್ತು ಮಾಗಡಿಯ ಪುರಸಭೆ ಒಟ್ಟಾಗಿ ಮಾಡಬಹುದಾದ ಕೆಲಸಗಳಿವೆ. ಬೀದಿನಾಯಿಗಳ ಸಂತಾನ ನಿಯಂತ್ರಣವನ್ನು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸ್ಥಳೀಯ ಸಂಸ್ಥೆಗಳ ಹೊಣೆಯಾಗಿಸಿವೆ. ಪ್ರತಿ ಜಿಲ್ಲೆಯಲ್ಲೂ ಪ್ರಾಣಿ ದಯಾ ಸಂಘವಿರಬೇಕೆಂದು 2001ರ ನಿಯಮಗಳೂ ವಿಧಿಸಿವೆ. ನಾಲ್ಕೂ ಪಟ್ಟಣಗಳಿಗೆ ಸಮಾನವಾದ ಸರಳ ಅರ್ಜಿ ನಮೂನೆ ಕನ್ನಡದಲ್ಲಿರಲಿ. ತಿಂಗಳಿಗೊಮ್ಮೆ ಪಶು ಆಸ್ಪತ್ರೆಯ ಆವರಣದಲ್ಲಿ ದತ್ತು ಶಿಬಿರ ನಡೆಯಲಿ. ಚಿಕಿತ್ಸೆ, ಲಸಿಕೆ ಮುಗಿದ ಸೌಮ್ಯ ಸ್ವಭಾವದ ನಾಯಿಗಳನ್ನಷ್ಟೇ ಅಲ್ಲಿಗೆ ತರಲಿ. ಅರ್ಜಿದಾರರ ಮನೆಗೆ ಒಮ್ಮೆ ಭೇಟಿ ಕೊಟ್ಟು, ನಾಯಿ ಒಪ್ಪಿಸಿದ ಮೇಲೂ ಮೊದಲ ವರ್ಷ ವಿಚಾರಿಸಿಕೊಳ್ಳುವ ವ್ಯವಸ್ಥೆಯಾಗಲಿ. ಹೊಂದಿಕೆಯಾಗದಿದ್ದರೆ ಹೆದ್ದಾರಿಯ ಬದಿಯಲ್ಲಿ ಇಳಿಸಿ ಹೋಗುವ ಬದಲು ಮರಳಿಸಲು ಅವಮಾನವಿಲ್ಲದ ದಾರಿಯಿರಲಿ. ಬಾಡಿಗೆ ಮನೆಗಳಲ್ಲಿ ನಾಯಿ ಸಾಕುವವರಿಗೆ ಎದುರಾಗುವ ನಿರಾಕರಣೆಯ ಬಗ್ಗೆಯೂ ಚಿಂತಿಸಬೇಕಿದೆ. ಇವ್ಯಾವುವೂ ಕೋಟಿಗಟ್ಟಲೆ ಹಣ ಬೇಡುವ ಯೋಜನೆಗಳಲ್ಲ.

ಚನ್ನಪಟ್ಟಣದ ನೆರೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದ ಶಾಸನವೊಂದು ದೊರೆತಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರ ಎಂಬ ವೀರನಿಗೆ ಒಡೆಯ ಏನು ಬೇಕೆಂದು ಕೇಳಿದಾಗ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯೊಡನೆ ಹೋರಾಡಿ ಮಡಿದಾಗ ಕಲ್ಲು ನೆಡಿಸಿ, ಭೂಮಿ ದತ್ತಿ ಬಿಟ್ಟು, ಅದಕ್ಕೆ ಪೂಜೆ ಸಲ್ಲಿಸದೆ ಪೂಜಾರಿ ಉಣ್ಣಬಾರದೆಂದು ವಿಧಿಸಲಾಯಿತು. ಸತ್ತ ನಾಯಿಯನ್ನು ಗೌರವಿಸುವುದರಲ್ಲಿ ನಮ್ಮ ನಾಡು ಎಂದೂ ಹಿಂದೆ ಬಿದ್ದಿಲ್ಲ; ಆತಕೂರಿನಿಂದ ಅಗ್ರಹಾರ ವಳಗೆರೆಹಳ್ಳಿಯವರೆಗೆ ಅದಕ್ಕೆ ಸಾಕ್ಷಿಗಳಿವೆ. ಆದರೆ ವೀರನೊಬ್ಬ ಭೂಮಿ ಬಂಗಾರಗಳನ್ನು ಬಿಟ್ಟು ಬಯಸಿದ್ದು ಬದುಕಿರುವ ನಾಯಿಯ ಜೊತೆಯನ್ನು ಎಂಬುದು ಆ ಶಾಸನದಲ್ಲಿ ನಾವು ಓದಿಕೊಳ್ಳಬೇಕಾದ ಸಂಗತಿ. ಆಶ್ರಯ ಕೇಂದ್ರಗಳ ಕಂಬಿಗಳ ಹಿಂದೆ ನಿಂತಿರುವ ನಾಯಿಗಳಿಗೆ ವಿಗ್ರಹ ಬೇಕಿಲ್ಲ, ದತ್ತಿಯೂ ಬೇಕಿಲ್ಲ. ತಮ್ಮ ಹೆಸರು ಹಿಡಿದು ಕರೆಯುವ ಒಂದು ಮನೆ ಸಾಕು. ಜಾತಿನಾಯಿಗೆ ಸಾವಿರಾರು ರೂಪಾಯಿ ತೆರಲು ಸಿದ್ಧವಿರುವ ಕುಟುಂಬಗಳು ಒಮ್ಮೆ ಆ ಕಂಬಿಗಳ ಮುಂದೆ ನಿಂತು ನೋಡಲಿ.